ಹಲವು ಮಾತಿನ ತರಗತಿ



ಕಷ್ಟವಾದ ತರಗತಿ ಎಂದರೆ ಎಂಥದು ಎಂದು ಪಟ್ಟಣದ ಉಪಾಧ್ಯಾಯರೊಬ್ಬರನ್ನು ಕೇಳಿದರೆ, ಅವರು ಮೊದಲು ಹೇಳುವುದು ಗಲಾಟೆಯ ಮಾತನ್ನು. ಹುಡುಗರು ಕುಳಿತಲ್ಲಿ ಕುಳಿತಿರುವುದಿಲ್ಲ, ಒಬ್ಬನು ಹೇಳುವುದನ್ನು ಇನ್ನೊಬ್ಬನು ಕೇಳುವುದಿಲ್ಲ, ಕಿಟಕಿಯಾಚೆ ಬಸ್ಸಿನ ಸದ್ದು, ಗೋಡೆಯಾಚೆ ಇನ್ನೊಂದು ತರಗತಿಯ ಮಗ್ಗಿ, ಎಂದು ಮುಂತಾಗಿ. ಇದೆಲ್ಲವೂ ನಿಜ. ಆದರೆ ಗಲಾಟೆ ಕಿವಿಗೆ ಕೇಳುವ ಕಷ್ಟವಾದ್ದರಿಂದ ಅದಕ್ಕೆ ಯಾರಾದರೂ ಒಂದು ಮದ್ದನ್ನು ಹುಡುಕುತ್ತಾರೆ. ಸದ್ದಿಲ್ಲದ ಕಷ್ಟವೊಂದುಂಟು. ಪ್ರಶ್ನೆ ಕೇಳಿದೊಡನೆ ಎದ್ದುನಿಂತು, ತಲೆ ತಗ್ಗಿಸಿ, ಏನನ್ನೂ ಹೇಳದೆ ಮತ್ತೆ ಕುಳಿತುಕೊಳ್ಳುವ ಮಗು ಅದು. ಆ ಮಗುವಿಗೆ ಪಾಠ ತಿಳಿಯಲಿಲ್ಲವೋ, ಪಾಠವನ್ನು ಹೇಳಿದ ಭಾಷೆ ತಿಳಿಯಲಿಲ್ಲವೋ? ಈ ಎರಡನ್ನು ಬೇರ್ಪಡಿಸಿ ನೋಡುವುದೇ ನಮ್ಮ ನಗರಗಳ ಉಪಾಧ್ಯಾಯನ ಅತ್ಯಂತ ಕಠಿಣವಾದ ಕೆಲಸವೆಂದೂ, ಅದನ್ನು ಬೇರ್ಪಡಿಸಿ ನೋಡದಿದ್ದಾಗ ಬುದ್ಧಿವಂತ ಮಕ್ಕಳು ದಡ್ಡರೆಂಬ ಹೆಸರನ್ನು ಹೊತ್ತು ಶಾಲೆ ಬಿಟ್ಟುಹೋಗುತ್ತಾರೆಂದೂ ನಾನು ಈ ಹೊತ್ತು ನಿಮ್ಮ ಮುಂದೆ ವಿವರಿಸಬೇಕೆಂದಿದ್ದೇನೆ.

ಬೆಂಗಳೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಈ ಊರು ಹಲವು ಭಾಷೆಗಳ ಊರಾದದ್ದು ನಿನ್ನೆ ಮೊನ್ನೆಯಲ್ಲ. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ನೆಲೆಗೊಂಡಿತು. ಆ ಸೈನ್ಯದ ಹಿಂದೆಯೇ ತಮಿಳರೂ ತೆಲುಗರೂ ದಖನೀ ಮಾತನಾಡುವವರೂ ಬಂದು ನೆಲಸಿದರು. ಪೇಟೆಯ ಕಡೆ ಕನ್ನಡ, ತೆಲುಗು, ಮರಾಠಿಗಳು ಮೊದಲಿನಿಂದ ಕೂಡಿ ಬಾಳಿದ್ದವು. 1947ರಲ್ಲಿ ದಂಡಿನ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿ ಬಂದಿತು. ಆಮೇಲೆ ದೊಡ್ಡ ಕಾರ್ಖಾನೆಗಳು ಬೆಳೆದವು. ಈಚಿನ ದಶಕಗಳಲ್ಲಿ ಗಣಕಯಂತ್ರದ ಉದ್ಯಮವೂ ಅದರ ಜೊತೆಗೆ ಮುಗಿಲೆತ್ತರದ ಕಟ್ಟಡಗಳೂ ಬಂದವು. ಆ ಕಟ್ಟಡಗಳನ್ನು ಕಟ್ಟುವುದಕ್ಕೆ ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ, ಒಡಿಶಾ, ಬಿಹಾರ, ಬಂಗಾಳಗಳಿಂದಲೂ ಕೂಲಿಕಾರರು ಸಂಸಾರ ಸಮೇತ ಬಂದರು. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರೇ ಎಲ್ಲರಿಗಿಂತ ಹೆಚ್ಚಿನವರು. ಆದರೂ ಅವರ ಸಂಖ್ಯೆ ಒಟ್ಟು ಸಂಖ್ಯೆಯ ಅರ್ಧವನ್ನು ಮುಟ್ಟಲಿಲ್ಲ. ಉಳಿದವರ ಮನೆಮಾತು ತಮಿಳು, ತೆಲುಗು, ಉರ್ದು, ಹಿಂದಿ, ಮಲಯಾಳ ಇತ್ಯಾದಿ. ಬೀದಿಯಲ್ಲಿ ಹೇಗೋ ತರಗತಿಯಲ್ಲಿಯೂ ಹಾಗೆಯೇ ಎಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಇದರ ಜೊತೆಗೆ ಕಾಯಿದೆಯೊಂದು ಶಾಲೆಯ ಬಾಗಿಲನ್ನು ಅಗಲವಾಗಿ ತೆರೆಯಿತು. 2009ರಲ್ಲಿ ಅಂಗೀಕೃತವಾಗಿ 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯಂತೆ 6ರಿಂದ 14 ವಯಸ್ಸಿನ ಪ್ರತಿಯೊಂದು ಮಗುವಿಗೂ ಶಾಲೆಯಲ್ಲಿ ಜಾಗ ಕೊಡತಕ್ಕದ್ದು. ಮಗು ಹಿಂದೆ ಶಾಲೆಯನ್ನೇ ಕಾಣದಿದ್ದರೂ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ವಿಶೇಷ ಪಾಠ ಹೇಳಿ, ಉಳಿದವರ ಸಮಕ್ಕೆ ತರತಕ್ಕದ್ದು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದು ಬಾಗಿಲು ಹಾಕಕೂಡದು. ಹೊಡೆಯಕೂಡದು, ಮನಸ್ಸನ್ನು ನೋಯಿಸಲೂ ಕೂಡದು. ಇವೆಲ್ಲ ನ್ಯಾಯವಾದ ವಿಧಿಗಳು. ಇವುಗಳಲ್ಲಿ ಒಂದನ್ನೂ ತೆಗೆದುಹಾಕಬೇಕೆಂದು ಯಾವ ಸಹೃದಯನೂ ಹೇಳಲಾರ. ಆದರೆ ಕಾಯಿದೆ ಮಗುವನ್ನು ಹೊಸ್ತಿಲು ದಾಟಿಸಿ ಒಳಕ್ಕೆ ಬಿಡುತ್ತದೆ. ಅಲ್ಲಿಂದ ಮುಂದಿನದೆಲ್ಲ ಒಬ್ಬ ಉಪಾಧ್ಯಾಯನ ಪಾಲಿಗೆ ಬೀಳುತ್ತದೆ.

ಆ ಉಪಾಧ್ಯಾಯನ ನಾಲ್ಕನೆಯ ತರಗತಿಯನ್ನು ಸ್ವಲ್ಪ ಊಹಿಸಿಕೊಳ್ಳಿರಿ. ಒಂದರಿಂದ ಐದರವರೆಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯ ಎಂಬುದು ಕಾಯಿದೆಯ ಲೆಕ್ಕ. ಆ ಲೆಕ್ಕದಂತೆಯೇ ಇದೆಯೆಂದು ಇಟ್ಟುಕೊಳ್ಳೋಣ. ಮುಂದಿನ ಸಾಲಿನಲ್ಲಿ ಅಂಗಡಿಯವರ ಮಗಳು. ಅವಳ ಮನೆಯಲ್ಲಿ ಕನ್ನಡ ಪತ್ರಿಕೆ ಬರುತ್ತದೆ. ಅವಳ ಪಕ್ಕದಲ್ಲಿ ತಮಿಳಿನ ಹುಡುಗ. ಮೂರು ತಲೆಮಾರಿನಿಂದ ಈ ಊರಿನವನಾದರೂ ಅಜ್ಜಿಯೊಡನೆ ಆಡುವುದು ತಮಿಳನ್ನೇ. ಕಿಟಕಿಯ ಬಳಿ ಉರ್ದು ಮನೆಮಾತಿನ ಇಬ್ಬರು ಹುಡುಗಿಯರು. ಹಿಂದೆ ಯಾದಗಿರಿಯ ಕಡೆಯಿಂದ ಬಂದ ಕೂಲಿಕಾರರ ಮಗ. ಅವನದೂ ಕನ್ನಡವೇ, ಆದರೆ ಅವನು ಬಾಯಿ ತೆರೆದರೆ ಉಳಿದವರು ನಗುತ್ತಾರೆ. ಸುಗ್ಗಿ ಮುಗಿದ ಮೇಲೆ ಬಂದು, ಮಳೆ ಬೀಳುವ ವೇಳೆಗೆ ಅವನು ಊರಿಗೆ ಹೊರಟುಹೋಗುವುದೂ ಉಂಟು. ಮೂಲೆಯಲ್ಲಿ ಬಿಹಾರದಿಂದ ಬಂದು ಎರಡು ತಿಂಗಳಾದ ಹುಡುಗಿ. ಇವರೆಲ್ಲರ ಕೈಯಲ್ಲಿಯೂ ಇರುವುದು ಒಂದೇ ಪುಸ್ತಕ. ಎಲ್ಲರೂ ಬರೆಯಬೇಕಾದುದು ಒಂದೇ ಪರೀಕ್ಷೆ.

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಮಾತನಾಡುವ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಕೆನಡಾ ದೇಶದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ಪರದೇಶಗಳಿಂದ ಬಂದು ನೆಲಸಿದವರ ಮಕ್ಕಳನ್ನು ಕುರಿತು ವಿಚಾರಮಾಡಿ 1979ರಿಂದ ಮುಂದಕ್ಕೆ ಈ ಭೇದವನ್ನು ಸ್ಪಷ್ಟಪಡಿಸಿದರು. ಹೊಸ ಭಾಷೆಯಲ್ಲಿ ಆಟದ ಮಾತು, ಅಂಗಡಿಯ ಮಾತು ಸುಮಾರು ಎರಡು ವರ್ಷಗಳಲ್ಲಿ ಬಂದುಬಿಡುತ್ತದೆ. ಆದರೆ ಆ ಭಾಷೆಯಲ್ಲಿಯೇ ಓದಿ, ಕಾರಣ ಹೇಳಿ, ಹೋಲಿಸಿ ಬರೆಯುವ ಶಕ್ತಿ ಸಹಪಾಠಿಗಳ ಸಮಕ್ಕೆ ಬರಬೇಕಾದರೆ ಐದರಿಂದ ಏಳು ವರ್ಷಗಳು ಹಿಡಿಯುತ್ತವೆಂದು ಅವರು ಕಂಡುಕೊಂಡರು. ನಮ್ಮಲ್ಲಿ ತಮಿಳು, ತೆಲುಗುಗಳು ಕನ್ನಡಕ್ಕೆ ಹತ್ತಿರದ ನಂಟಿನವಾದ್ದರಿಂದ ವರ್ಷಗಳ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ಎತ್ತಿ ತರುವಂತಿಲ್ಲ. ಭೇದವೇನೋ ಇಲ್ಲಿಯೂ ಇದೆ. ಬಯಲಿನಲ್ಲಿ ಸಲೀಸಾಗಿ ಕನ್ನಡದಲ್ಲಿ ಜಗಳವಾಡುವ ಹುಡುಗನಿಗೆ ವಿಜ್ಞಾನದ ಪುಸ್ತಕದಲ್ಲಿ ಬರುವ 'ಆವಿಯಾಗುವಿಕೆ', 'ಪರಿಣಾಮ', 'ಆದಾಗ್ಯೂ' ಎಂಬ ಮಾತುಗಳು ಹೊಸ ಭಾಷೆಯೇ ಸರಿ. ಉಪಾಧ್ಯಾಯನು ಅವನ ಜಗಳವನ್ನು ಕೇಳಿ, “ಇವನಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಪಾಠ ತಲೆಗೆ ಹತ್ತದಿರುವುದು ಬುದ್ಧಿ ಸಾಲದೆ” ಎಂದು ತೀರ್ಮಾನಿಸಿಬಿಡುತ್ತಾನೆ. ತಪ್ಪು ತೀರ್ಪು ಮೊಳೆಯುವುದು ಇಲ್ಲಿಯೇ.

ಓದುವುದರಲ್ಲಿಯೂ ಹೀಗೆಯೇ. ನಮ್ಮ ಲಿಪಿ ಉಚ್ಚಾರಣೆಗೆ ಪ್ರಾಮಾಣಿಕವಾದುದು. ಆದರೆ ಅಕ್ಷರಗಳ ಸಂಖ್ಯೆ ಸಣ್ಣದಲ್ಲ. ಕಾಗುಣಿತವೊಂದೇ ನಾಲ್ಕುನೂರನ್ನು ಮೀರುತ್ತದೆ. ಒತ್ತಕ್ಷರಗಳು ಅದರ ಮೇಲೆ. ಸೋನಾಲಿ ನಾಗ್ ಎಂಬ ಸಂಶೋಧಕರು ಕನ್ನಡದಲ್ಲಿ ಓದಲು ಕಲಿಯುವ ಮಕ್ಕಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಲೇಖನದಿಂದ, ಅಕ್ಷರಗಳ ಈ ಕಲಿಕೆ ಮೊದಲ ಎರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯಲ್ಲಿಯೂ ನಡೆಯುತ್ತಿರುತ್ತದೆ ಎಂದು ತಿಳಿದುಬರುತ್ತದೆ. ಕನ್ನಡ ಮನೆಮಾತಿನ ಮಗುವಿಗೇ ಇಷ್ಟು ಕಾಲ ಬೇಕಾದರೆ, ನಡುವೆ ಬಂದು ಸೇರಿದ ಮಗುವಿನ ಪಾಡೇನು?

ಇನ್ನು ಲೆಕ್ಕದ ಮಾತಿಗೆ ಬರೋಣ. ಬೀದಿಯಲ್ಲಿ ಹೂವು ಮಾರುವ ಹುಡುಗಿ ಮೂರೂವರೆ ಮೊಳದ ಬೆಲೆಯನ್ನು ಕ್ಷಣದಲ್ಲಿ ಹೇಳಿ, ನೂರು ರೂಪಾಯಿನ ನೋಟಿಗೆ ಸರಿಯಾಗಿ ಚಿಲ್ಲರೆ ಎಣಿಸಿ ಕೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಹುಡುಗಿ ಶಾಲೆಯ ಹಲಗೆಯ ಮುಂದೆ ಗುಣಾಕಾರವನ್ನು ತಪ್ಪುತ್ತಾಳೆ. ಇದು ವಿಚಿತ್ರವೆಂದು ತೋರಬಹುದು. ಆದರೆ ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಮೂವರು ವಿದ್ವಾಂಸರು ಇದನ್ನೇ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಸಂತೆಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ಅವರ ಅಂಗಡಿಯ ಮುಂದೆಯೇ ಗಿರಾಕಿಗಳಂತೆ ಕೇಳಿದಾಗ, ನೂರಕ್ಕೆ ಸುಮಾರು 98 ಉತ್ತರಗಳು ಸರಿಯಾಗಿದ್ದವು. ಅದೇ ಬಗೆಯ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಮಾತಿನ ಸಮಸ್ಯೆಗಳಾಗಿ ಕೊಟ್ಟಾಗ 74ಕ್ಕೆ ಇಳಿಯಿತು. ಬರಿಯ ಅಂಕಿಗಳನ್ನು ಕಾಗದದ ಮೇಲೆ ಬರೆದು ಕೊಟ್ಟಾಗ 37! ಮಕ್ಕಳು ಅವರೇ, ಬುದ್ಧಿ ಅದೇ. ಮಕ್ಕಳ ಸಂಖ್ಯೆ ಸಣ್ಣದೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ನಮ್ಮ ದೇಶದಲ್ಲಿಯೇ, ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಬಹು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅದು ಇನ್ನೊಂದು ಮಾತನ್ನೂ ಸೇರಿಸುತ್ತದೆ. ಶಾಲೆಯ ಲೆಕ್ಕದಲ್ಲಿ ಮುಂದಾದ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವುತ್ತಾರೆ. ಅಂದಮೇಲೆ, “ತಲಾ ಎಷ್ಟು?”, “ಶೇಷವೆಷ್ಟು?” ಎಂಬ ಪ್ರಶ್ನೆಗೆ ಮೌನವಾಗಿ ನಿಂತ ಮಗು ಭಾಗಾಕಾರವನ್ನು ಅರಿಯದೆಂದು ನಾವು ಹೇಗೆ ಹೇಳಬಲ್ಲೆವು? 'ತಲಾ' ಎಂಬ ಎರಡಕ್ಷರದ ಮಾತೇ ಅದಕ್ಕೆ ತಿಳಿಯದಿದ್ದರೆ?

ಮಕ್ಕಳ ತಪ್ಪುಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಅವುಗಳಲ್ಲಿ ಎಷ್ಟೋ ತಪ್ಪುಗಳು ಕಾರಣವುಳ್ಳವೆಂದು ಗೊತ್ತಾಗುತ್ತದೆ. ತಮಿಳಿನ ಹುಡುಗ “ಪಾಲು ಕುಡಿದೆ” ಎನ್ನುತ್ತಾನೆ. ಹಂಚಿಕೆಯ ಪಾಲನ್ನು ಇವನು ಹೇಗೆ ಕುಡಿದನೆಂದು ತರಗತಿಯೆಲ್ಲ ನಗುತ್ತದೆ. ಅವನ ಮನೆಯಲ್ಲಿ ಹಾಲು 'ಪಾಲ್', ಹೂವು 'ಪೂ', ಹುಲಿ 'ಪುಲಿ'. ನಮ್ಮ ಹಳಗನ್ನಡದಲ್ಲಿಯೂ ಇವು ಪಾಲ್, ಪೂ, ಪುಲಿ ಎಂದೇ ಇದ್ದವಷ್ಟೆ. ಆ ಹುಡುಗನ ತಪ್ಪು ಪಂಪನ ಕಾಲಕ್ಕೆ ಸರಿಯಾದ ಕನ್ನಡ! ಉಪಾಧ್ಯಾಯನು ನಗುವನ್ನು ನಿಲ್ಲಿಸಿ, ಹಲಗೆಯ ಮೇಲೆ ಎರಡು ಸಾಲು ಬರೆದು, ಅಲ್ಲಿಯ ಪಕಾರ ಇಲ್ಲಿ ಹಕಾರವಾಗುವುದನ್ನು ತೋರಿಸಿದರೆ, ತಮಿಳಿನ ಹುಡುಗನಿಗೆ ಹತ್ತಾರು ಕನ್ನಡ ಮಾತುಗಳು ಒಂದೇ ಸಲಕ್ಕೆ ಕೈಗೆ ಬರುತ್ತವೆ. ಕನ್ನಡದ ಹುಡುಗರಿಗೆ ಹಳಗನ್ನಡದ ಬಾಗಿಲು ಸ್ವಲ್ಪ ತೆರೆಯುತ್ತದೆ.

ಹಿಂದಿ ಅಥವಾ ಉರ್ದು ಮನೆಮಾತಿನ ಮಗು, “ನಾಳೆ ನನಗೆ ಜ್ವರ ಬಂದಿತ್ತು” ಎಂದರೆ, ಶಾಲೆಗೆ ಬಾರದಿದ್ದುದಕ್ಕೆ ಸುಳ್ಳು ಹೇಳಲು ಹೋಗಿ ತಡವರಿಸಿತೆಂದು ತೋರಬಹುದು. ಆ ಭಾಷೆಗಳಲ್ಲಿ ನಿನ್ನೆಗೂ ನಾಳೆಗೂ 'ಕಲ್' ಎಂಬ ಒಂದೇ ಮಾತು ಎಂಬುದನ್ನು ಬಲ್ಲ ಉಪಾಧ್ಯಾಯನು ಆ ಮಗುವನ್ನು ಸುಳ್ಳುಗಾರನೆನ್ನುವುದಿಲ್ಲ. ಅದೇ ಮಗು ಪುಸ್ತಕವನ್ನು ಕುರಿತು “ಕಳೆದುಹೋದಳು” ಎಂದರೆ, ಅದರ ಭಾಷೆಯಲ್ಲಿ ನಪುಂಸಕಲಿಂಗವೇ ಇಲ್ಲ, ಪುಸ್ತಕ ಅಲ್ಲಿ ಸ್ತ್ರೀಲಿಂಗ ಎಂಬುದು ಅವನಿಗೆ ಹೊಳೆಯುತ್ತದೆ. ಇಷ್ಟನ್ನು ತಿಳಿಯುವುದಕ್ಕೆ ಉಪಾಧ್ಯಾಯನು ಆರು ಭಾಷೆಗಳ ಪಂಡಿತನಾಗಬೇಕಾಗಿಲ್ಲ. ತಪ್ಪನ್ನು ಕಂಡೊಡನೆ ಕೆಂಪು ಶಾಯಿ ಎಳೆಯುವುದಕ್ಕೆ ಮುಂಚೆ, “ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ?” ಎಂದು ಒಮ್ಮೆ ಕೇಳಿದರೆ ಸಾಕು.

ಕೇಳಿದ ಮೇಲೆ ಉತ್ತರಕ್ಕಾಗಿ ಕಾಯಬೇಕು. ಇದು ಸುಲಭವೆಂದು ತಿಳಿಯಬೇಡಿರಿ. ಅಮೆರಿಕಾ ದೇಶದ ಮೇರಿ ಬಡ್ ರೋ ಎಂಬ ವಿದುಷಿಯವರು ತರಗತಿಗಳಲ್ಲಿ ನಡೆಯುವ ಪ್ರಶ್ನೋತ್ತರಗಳನ್ನು ಧ್ವನಿಮುದ್ರಿಸಿ, ಅಳೆದು, 1970ರ ದಶಕದಲ್ಲಿ ಒಂದು ಸಂಗತಿಯನ್ನು ಬೆಳಕಿಗೆ ತಂದರು. ಪ್ರಶ್ನೆ ಕೇಳಿದ ಉಪಾಧ್ಯಾಯನು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದೇ ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಪ್ರಶ್ನೆ ಇನ್ನೊಬ್ಬನಿಗೆ ಹೋಗುತ್ತದೆ, ಇಲ್ಲವೆ ಉತ್ತರವನ್ನು ಅವನೇ ಹೇಳಿಬಿಡುತ್ತಾನೆ. ಕಾಯುವ ಹೊತ್ತನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಕಾರಣಸಹಿತವಾದವು. ಹಿಂದೆ ಬಾಯಿ ತೆರೆಯದವರು ಮಾತನಾಡಿದರು. ಇನ್ನೂ ಗಮನಿಸಬೇಕಾದುದೆಂದರೆ, ಚುರುಕಿನವರೆಂದು ತಾವು ಎಣಿಸಿದವರಿಗೆ ಉಪಾಧ್ಯಾಯರು ಹೆಚ್ಚು ಹೊತ್ತು ಕಾಯುತ್ತಿದ್ದರು. ಮಂದರೆಂದು ಎಣಿಸಿದವರಿಗೆ ಕಡಮೆ. ಯಾರಿಗೆ ಕಾಲ ಹೆಚ್ಚು ಬೇಕೋ ಅವರಿಗೇ ಅದು ಕಡಮೆ ದೊರೆಯುತ್ತಿತ್ತು. ಮನೆಮಾತಿನಲ್ಲಿ ಯೋಚಿಸಿ ಕನ್ನಡದಲ್ಲಿ ಮಾತು ಹುಡುಕಬೇಕಾದ ಮಗುವಿಗೆ ಒಂದು ಸೆಕೆಂಡು ಏನೇನೂ ಸಾಲದು. ಮೂರು ಸೆಕೆಂಡಿನ ಮೌನ ಕೇಳುಗರಿಗೆ ಎಷ್ಟು ದೀರ್ಘವೆಂಬುದು ಬಾನುಲಿಯಲ್ಲಿ ಮಾತನಾಡುವವರಿಗೆ ಗೊತ್ತು. ತರಗತಿಯಲ್ಲಿ ಅದನ್ನು ಸಹಿಸಿಕೊಳ್ಳುವುದೂ ಅಭ್ಯಾಸದಿಂದ ಬರತಕ್ಕ ವಿದ್ಯೆ.

“ಇದೆಲ್ಲ ಸರಿ, ಮೂವತ್ತು ಮಕ್ಕಳ ನಡುವೆ ಒಬ್ಬನು ಏನು ಮಾಡಿಯಾನು?” ಎಂದು ನೀವು ಕೇಳಬಹುದು. ಅವನಿಗೆ ಸಹಾಯಕರು ಆ ಮೂವತ್ತರಲ್ಲಿಯೇ ಇದ್ದಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೂರಿನ ಅನಾಥಾಲಯದಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ ಉಪಾಧ್ಯಾಯರಿದ್ದರು. ನಮ್ಮ ದೇಶದ ಜಗುಲಿ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುತ್ತಿದ್ದುದನ್ನು ಅವರು ಕಂಡು ಅನುಕರಿಸಿದರು. ಬಲ್ಲ ಹುಡುಗನಿಂದ ಅರಿಯದ ಹುಡುಗನಿಗೆ ಪಾಠ ಹೇಳಿಸಿ, 1797ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿಯೆಂದೇ ಹೆಸರಾಯಿತು. ನಮ್ಮ ತರಗತಿಯಲ್ಲಿ ಉರ್ದು ಬಲ್ಲ, ಕನ್ನಡವನ್ನೂ ಚೆನ್ನಾಗಿ ಕಲಿತ ಹುಡುಗಿಯೊಬ್ಬಳನ್ನು ಬಿಹಾರದ ಹುಡುಗಿಯ ಪಕ್ಕಕ್ಕೆ ಕೂರಿಸಿದರೆ, “ತಲಾ ಎಂದರೆ ಒಬ್ಬೊಬ್ಬರಿಗೆ” ಎಂಬುದು ಅರ್ಧ ನಿಮಿಷದಲ್ಲಿ ತಿಳಿದುಹೋಗುತ್ತದೆ. ಹೇಳಿಕೊಡುವವಳಿಗೂ ನಷ್ಟವಿಲ್ಲ, ಕಲಿಸಿದವರು ಎರಡು ಸಲ ಕಲಿಯುತ್ತಾರೆ. ಆದರೆ ಆ ಹುಡುಗಿಯ ತಲೆಯ ಮೇಲೆ ಉಪಾಧ್ಯಾಯನ ಕೆಲಸವನ್ನೆಲ್ಲ ಹೊರಿಸಕೂಡದು.

ಎರಡನೆಯದು, ಮಕ್ಕಳನ್ನು ತಿಳಿವಳಿಕೆಯ ಮಟ್ಟಕ್ಕೆ ತಕ್ಕಂತೆ ಸಣ್ಣ ಗುಂಪುಗಳಲ್ಲಿ ಕೂರಿಸುವುದು. ಇದು ನಮ್ಮ ನಾಡಿಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಋಷಿ ಕಣಿವೆಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲೆಯ ಉಪಾಧ್ಯಾಯರೇ 'ನಲಿ-ಕಲಿ' ಎಂಬ ಕ್ರಮವನ್ನು ಆರಂಭಿಸಿದರು. ಅದರಲ್ಲಿ ಮಗು ಕಾರ್ಡುಗಳ ಸಹಾಯದಿಂದ ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹದಿನೈದು ದಿನ ಶಾಲೆಗೆ ಬಾರದಿದ್ದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಸುಗ್ಗಿಗೊಮ್ಮೆ ಬಂದುಹೋಗುವ ಮಕ್ಕಳಿರುವ ನಗರದ ಶಾಲೆಗೆ ಇದಕ್ಕಿಂತ ತಕ್ಕ ಗುಣ ಯಾವುದು? ಗುಂಪುಗಳನ್ನು ಮಾತ್ರ ಆಗಾಗ್ಗೆ ಬದಲಾಯಿಸುತ್ತಿರಬೇಕು. ಒಮ್ಮೆ ಹಿಂದಿನ ಗುಂಪಿಗೆ ಸೇರಿದ ಮಗು ವರ್ಷವಿಡೀ ಅಲ್ಲಿಯೇ ಉಳಿದರೆ, ಅದಕ್ಕೆ ದಡ್ಡನೆಂಬ ಹಣೆಪಟ್ಟಿಯನ್ನು ನಾವೇ ಕಟ್ಟಿದಂತಾಗುತ್ತದೆ.

ಮೂರನೆಯದು, ಪರೀಕ್ಷೆಯ ವಿಚಾರ. ಲೆಕ್ಕವನ್ನು ಪರೀಕ್ಷಿಸುವಾಗ ಲೆಕ್ಕವನ್ನೇ ಪರೀಕ್ಷಿಸಬೇಕು. ಮಗು ಚಿತ್ರ ಬರೆದು ತೋರಿಸಲಿ, ಕಲ್ಲು ಎಣಿಸಿ ತೋರಿಸಲಿ, ಬಾಯಲ್ಲಿ ಹೇಳಲಿ. ಭಾಗಾಕಾರ ಬರುತ್ತದೆಯೋ ಇಲ್ಲವೋ ಎಂಬುದು ಮೊದಲು ಗೊತ್ತಾಗಲಿ. ಆಮೇಲೆ ಕನ್ನಡದ ವಾಕ್ಯವನ್ನು ಬೇರೆಯಾಗಿ ಕಲಿಸೋಣ. ಎರಡು ಕೊರತೆಗಳಿಗೆ ಎರಡು ಮದ್ದು. ಒಂದೇ ಸೊನ್ನೆಯಿಂದ ಎರಡನ್ನೂ ಮುಚ್ಚಿಬಿಟ್ಟರೆ ಯಾವುದು ಎಲ್ಲಿದೆಯೆಂದು ತಿಳಿಯುವ ದಾರಿಯೇ ತಪ್ಪಿಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಸಂಶಯಕ್ಕೆ ಉತ್ತರ ಕೊಡಬೇಕು. ಮನೆಮಾತಿಗೆ ಹೀಗೆ ಎಡೆಕೊಟ್ಟರೆ ಕನ್ನಡಕ್ಕೆ ಕುಂದಾಗದೆ? ನನ್ನ ಅಭಿಪ್ರಾಯದಲ್ಲಿ ಆಗದು. ಈ ನಾಡಿನಲ್ಲಿ ಬಾಳುವ ಮಗುವಿಗೆ ಕನ್ನಡ ಬರಲೇಬೇಕು, ಚೆನ್ನಾಗಿ ಬರಬೇಕು, ಗುರಿಯಲ್ಲಿ ವಿವಾದವಿಲ್ಲ. ತನ್ನ ಮಾತಿಗೆ ನಗು ಎದುರಾದ ಮಗು ಕನ್ನಡದಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತದೆ. ತನ್ನ 'ಪಾಲ್' ಎಂಬ ಮಾತು ಕನ್ನಡದ ಹಳೆಯ ನಂಟೆಂದು ತಿಳಿದ ಮಗು ಕನ್ನಡವನ್ನು ತನ್ನದೆಂದು ಭಾವಿಸುತ್ತದೆ. ಭಾಷೆಗೆ ಹೊಸ ಬಳಗ ಬರುವುದು ಆ ಎರಡನೆಯ ದಾರಿಯಲ್ಲಿ.

ಉಪಾಧ್ಯಾಯರ ಪರವಾಗಿಯೂ ಒಂದು ಮಾತು ಹೇಳದೆ ಮುಗಿಸಲಾರೆ. ಪಾಠಕ್ಕೆ ಸಂಬಂಧಿಸದ ಕೆಲಸಗಳಿಗೆ ಅವರನ್ನು ಹಚ್ಚಕೂಡದೆಂದು ಕಾಯಿದೆ ಹೇಳುತ್ತದೆಯಾದರೂ, ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರಗಳನ್ನು ಅದೇ ಕಾಯಿದೆ ಹೊರತುಪಡಿಸಿದೆ. ಪಟ್ಟಿ ಬರೆಯುವುದರಲ್ಲಿ ಕಳೆದ ಹೊತ್ತು ಮಗುವಿನ ಮುಂದೆ ಕಾದುನಿಲ್ಲುವ ಹೊತ್ತಿನಿಂದಲೇ ಕಡಿದು ತೆಗೆದದ್ದು. ಇನ್ನು ಕೇಳುಗರಾದ ನಮ್ಮಲ್ಲಿಯೂ ತಂದೆತಾಯಿಗಳಿದ್ದೇವೆ. “ಅಂಥ ಮಕ್ಕಳೊಡನೆ ನಮ್ಮ ಮಗುವನ್ನು ಏಕೆ ಕೂರಿಸಿದಿರಿ?” ಎಂದು ಹೆಡ್‌ಮಾಸ್ಟರರ ಕೋಣೆಯಲ್ಲಿ ಕೇಳುವವರು ನಮ್ಮಂಥ ಓದಿದವರೇ. ಆ ಪ್ರಶ್ನೆಯನ್ನು ಕೇಳುವ ಮುಂಚೆ, ನಮ್ಮ ಮಗು ನಾಳೆ ದುಡಿಯಬೇಕಾದುದು ಇಷ್ಟೇ ಹಲವು ಮಾತುಗಳ ಊರಿನಲ್ಲಿ ಎಂಬುದನ್ನು ನೆನೆಯುವುದು ಒಳ್ಳೆಯದು.

ಹದಿನಾಲ್ಕು ವಯಸ್ಸು ತುಂಬಿದ ಮೇಲೆ ಕಾಯಿದೆಯ ಕೈ ಸಡಿಲುತ್ತದೆ. ಆ ವೇಳೆಗೆ “ನನಗೆ ವಿದ್ಯೆ ಹತ್ತುವುದಿಲ್ಲ” ಎಂದು ನಂಬಿದ ಹುಡುಗನು ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಅವನು ನಂಬಿದ್ದು ಸುಳ್ಳೆಂದು ಅವನಿಗೆ ಹೇಳುವವರು ಆಮೇಲೆ ಯಾರೂ ಸಿಕ್ಕುವುದಿಲ್ಲ. ಅದನ್ನು ಹೇಳಬಹುದಾದ ಕಾಲ ನಾಲ್ಕನೆಯ ತರಗತಿ. ಹೇಳಬಲ್ಲವನು ಅಲ್ಲಿಯ ಉಪಾಧ್ಯಾಯ. ಅವನಿಗೆ ಅದಕ್ಕೆ ಬೇಕಾದ ಹೊತ್ತನ್ನೂ ಗೌರವವನ್ನೂ ದೊರಕಿಸಿಕೊಡುವುದು ಉಳಿದ ನಮ್ಮೆಲ್ಲರ ಕೆಲಸ.